ಹಾಡಿದವರ ಜಮಾ-ಖರ್ಚು

(ನಮ್ಮ ಉಚಿತ ವಾಚನಾಲಯದ ವಾರ್ಷಿಕ ಸಭೆಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಸಂಗೀತದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಮಗೆ ಮೊದಲು ನಗೆ ಬಂದಿತು. ಭೀಮಪಲಾಸಕ್ಕೂ ಬಾಗೇಶ್ರೀಗೂ ಇರುವ ಭೇದ ನಮಗೆ ಇಂದಿಗೂ ಹತ್ತಿಲ್ಲ. ನಾವು ಗಿರಣಿಯ ಕಚೇರಿಯಲ್ಲಿ ಕಾರಕೂನಿಕೆ ಮಾಡುವವರು. ಹತ್ತನೆಯ ಇಯತ್ತೆ ಪಾಸಾದ ಮೇಲೆ ಲೆಕ್ಕದ ವಹಿ ಹಿಡಿದವರು ಇನ್ನೂ ಕೆಳಗೆ ಇಟ್ಟಿಲ್ಲ. ಈ ವಾಚನಾಲಯದ ಸಂಗೀತದ ಸಂಜೆಗಳಲ್ಲಿ ನಮ್ಮ ಪಾಲಿನ ಕೆಲಸವೆಂದರೆ ಜಮಖಾನೆ ಹಾಸುವದು, ಖುರ್ಚಿ ಇಡುವದು, ಎಲ್ಲರೂ ಹೋದ ಬಳಿಕ ಅವನ್ನು ಮಡಚಿ ಗೋಡೆಗೆ ಒರಗಿಸುವದು. ಇಷ್ಟನ್ನು ಅರಿಕೆ ಮಾಡಿಕೊಂಡೆವು. "ಅದಕ್ಕೇ ನಿಮಗೆ ಹೇಳಿದ್ದು. ರಾಗದ ಮೇಲೆ ಮಾತಾಡುವವರು ಬಹಳ ಮಂದಿ ಇದ್ದಾರೆ. ಖುರ್ಚಿ ಹಾಕುವವನಿಗೆ ಏನು ಕಾಣಿಸುತ್ತದೆ ಎಂಬುದನ್ನು ಹೇಳಿರಿ" ಎಂದರು. ಆದುದರಿಂದ ನಮಗೆ ಕಂಡಷ್ಟನ್ನೇ ಹೇಳುತ್ತೇವೆ.

ಕಳೆದ ಡಿಸೆಂಬರ ತಿಂಗಳ ಮೊದಲ ವಾರ. ವಾಚನಾಲಯ ಮುಚ್ಚುವ ಹೊತ್ತು. ನಮ್ಮಲ್ಲಿ ಎರಡು ಸಲ ಹಾಡಿ ಹೋಗಿದ್ದ ಒಬ್ಬ ತರುಣ ಒಳಗೆ ಬಂದ. ಹುಬ್ಬಳ್ಳಿಯ ಕಡೆಯವನು. ಹಗಲು ಈ ಪುಣೆ ಪಟ್ಟಣದ ಒಂದು ಅಂಗಡಿಯಲ್ಲಿ ಮೊಬೈಲು ರಿಪೇರಿ ಮಾಡುತ್ತಾನೆ. ರಾತ್ರಿ ಗಿಟಾರು ಹಿಡಿದು ತತ್ವಪದ ಹಾಡುತ್ತಾನೆ. ಮುಖವೆಲ್ಲ ಹಿಗ್ಗಿನಿಂದ ತುಂಬಿತ್ತು. ತನ್ನ ಫೋನನ್ನು ನಮ್ಮ ಮುಂದೆ ಹಿಡಿದ. ಪ್ರತಿವರ್ಷ ಡಿಸೆಂಬರ ಬಂತೆಂದರೆ ಸ್ಪಾಟಿಫೈ ಎಂಬ ಹಾಡು ಕೇಳಿಸುವ ಕಂಪನಿ, ಕೇಳಿದವರಿಗೂ ಹಾಡಿದವರಿಗೂ ಆ ವರ್ಷದ ಬಾಬತ್ತು ಒಂದು ಬಣ್ಣಬಣ್ಣದ ಹಾಳೆ ಕಳಿಸುತ್ತದೆಯಂತೆ. ನಿಮ್ಮ ಹಾಡನ್ನು ಇಷ್ಟು ಜನ ಕೇಳಿದರು, ಇಷ್ಟು ದೇಶಗಳಲ್ಲಿ ಕೇಳಿದರು, ಇಷ್ಟು ತಾಸು ಕೇಳಿದರು ಎಂದು ಅದರಲ್ಲಿ ದೊಡ್ಡ ದೊಡ್ಡ ಅಂಕಿಗಳಲ್ಲಿ ಬರೆದಿರುತ್ತದೆ.

"ಅಣ್ಣಾ, ಹನ್ನೊಂದು ದೇಶದಾಗ ಕೇಳ್ಯಾರ ನೋಡ್ರಿ!" ಎಂದ.

"ಭೇಷ್ ತಮ್ಮಾ. ಜಮಾ ಎಷ್ಟು ಆತು?" ಎಂದೆವು.

"ಅದು ಇದರಾಗ ಬರಂಗಿಲ್ಲರೀ."

"ಖರ್ಚು?"

"ಅದೂ ಇಲ್ಲರೀ."

ಜಮೆಯೂ ಇಲ್ಲದ, ಖರ್ಚೂ ಇಲ್ಲದ ಇಂಥ ವಾರ್ಷಿಕ ಲೆಕ್ಕವನ್ನು ನಾವು ಸಾಹೇಬರ ಮೇಜಿನ ಮೇಲೆ ಇಟ್ಟರೆ ಮರುದಿನ ಗಿರಣಿಯ ಬಾಗಿಲು ನಮಗೆ ತೆರೆಯಲಿಕ್ಕಿಲ್ಲ. ಆದರೂ ಹುಡುಗನ ಹಿಗ್ಗು ಸುಳ್ಳಲ್ಲ. ಹನ್ನೊಂದು ದೇಶಗಳಲ್ಲಿ ಯಾರೋ ಅವನ ದನಿ ಕೇಳಿದ್ದಾರೆ. ಅದು ಸಣ್ಣ ಮಾತಲ್ಲ. ಆದರೆ ಕೈಯಲ್ಲಿ ಕಿರ್ದಿ ಹಿಡಿದವರಿಗೆ ಸುಮ್ಮನಿರಲಾಗುವದಿಲ್ಲ. "ಬರುವ ರವಿವಾರ ನಿನ್ನ ಸ್ನೇಹಿತರನ್ನು ಕರೆದುಕೊಂಡು ಬಾ. ನಿಮ್ಮೆಲ್ಲರ ವರ್ಷದ ಲೆಕ್ಕ ನಾವು ಬರೆದುಕೊಡುತ್ತೇವೆ" ಎಂದೆವು.

ರವಿವಾರ ನಾಲ್ವರು ಬಂದರು. ಈ ತರುಣ, ಮನೆಯಲ್ಲಿ ಮಕ್ಕಳಿಗೆ ವಚನ, ದಾಸರ ಪದ ಕಲಿಸುವ, ಹಾರ್ಮೋನಿಯಮ್ ಹಿಡಿದು ತಾವೂ ಹಾಡುವ ಒಬ್ಬ ತಾಯಿ, ಒಬ್ಬ ತಬಲಜಿ, ನಾಲ್ಕನೆಯವನು ಹಾಡುವವನೂ ಅಲ್ಲ, ಬಾರಿಸುವವನೂ ಅಲ್ಲ. ಸ್ಥಳ ಹಿಡಿದು, ಮೈಕು ತರಿಸಿ, ಜನ ಕೂಡಿಸಿ, ಇಂಥ ಹಾಡುಗಾರರ ಕಾರ್ಯಕ್ರಮ ಏರ್ಪಡಿಸುವವನು. ಇಂಗ್ಲಿಷಿನಲ್ಲಿ ಪ್ರಮೋಟರ ಎನ್ನುತ್ತಾರೆ. ನಾವು ಆಯೋಜಕ ಎನ್ನೋಣ.

ಇವರೆಲ್ಲ ತಮ್ಮನ್ನು 'ಸ್ವತಂತ್ರ' ಸಂಗೀತಗಾರರು ಎಂದುಕೊಳ್ಳುತ್ತಾರೆ. ಸ್ವತಂತ್ರ ಎಂದರೆ ಚಲಚ್ಚಿತ್ರದವರ ಹಂಗು ಇಲ್ಲ, ದೊಡ್ಡ ಧ್ವನಿಮುದ್ರಣ ಕಂಪನಿಯ ಕರಾರು ಇಲ್ಲ, ಯಾವ ಸಂಸ್ಥೆಯ ಪಗಾರವೂ ಇಲ್ಲ. ಹೆಸರು ಹೊಸದಾದರೂ ಸಂಗತಿ ನಮಗೆ ಹೊಸದಲ್ಲ. ತಂಬೂರಿ ಹಿಡಿದು ಬೀದಿಯಲ್ಲಿ ಹಾಡಿದ ದಾಸರು ಯಾವ ಕಂಪನಿಯವರು? ನಮ್ಮ ಹಿರಿಯರ ಕಾಲಕ್ಕೆ ಬಂದರೆ ಪಿ. ಕಾಳಿಂಗರಾಯರು ಇದ್ದರು (1914–1981). ಸೋಹನಕುಮಾರಿ, ಮೋಹನಕುಮಾರಿಯರನ್ನು ಜೊತೆಗೆ ಕರೆದುಕೊಂಡು ಊರೂರು ತಿರುಗಿ, ಪುಸ್ತಕದಲ್ಲಿ ಮಲಗಿದ್ದ ಕವಿಗಳ ಪದ್ಯಗಳನ್ನು ಜನರ ಕಿವಿಗೆ ಮುಟ್ಟಿಸಿದರು. ಮುಂದೆ 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 'ನಿತ್ಯೋತ್ಸವ' ಧ್ವನಿಸುರುಳಿ ಬಂದಾಗ ಭಾವಗೀತೆ ಮನೆಮನೆಯ ಕ್ಯಾಸೆಟ್ಟಿಗೆ ಇಳಿಯಿತು. ನಮ್ಮ ಕಾಲದಲ್ಲಿ ರಘು ದೀಕ್ಷಿತರು 2008ರಲ್ಲಿ ತಮ್ಮ ಮೊದಲ ಹಾಡುಗಳ ಸಂಪುಟ ತಂದರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಶಿಶುನಾಳ ಶರೀಫರ ಪದವನ್ನು ವಿಲಾಯತಿಯ ವೇದಿಕೆಗೆ ಒಯ್ದರು. 2011ರಲ್ಲಿ ಅಲ್ಲಿಯ ಸಾಂಗ್‌ಲೈನ್ಸ್ ಪತ್ರಿಕೆ ಅವರಿಗೆ ಹೊಸ ಕಲಾವಿದರ ಪ್ರಶಸ್ತಿ ಕೊಟ್ಟಿತು. ನಮ್ಮ ರಿಪೇರಿ ಅಂಗಡಿಯ ತರುಣ ಗಿಟಾರು ಹಿಡಿಯಲು ಅದೇ ಕಾರಣವಂತೆ.

ಹಾಡುವವನೇ ಆಯೋಜಕನಾದ ಉದಾಹರಣೆಗೂ ನಾವು ದೂರ ಹೋಗಬೇಕಾಗಿಲ್ಲ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡರು. ಮರುವರ್ಷ, 1953ರಲ್ಲಿ, ಇದೇ ಪುಣೆಯಲ್ಲಿ ಗುರುಗಳ ಪುಣ್ಯಸ್ಮರಣೆಗೆಂದು ಸಂಗೀತ ಸಭೆ ಆರಂಭವಾಯಿತು. ಅದನ್ನು ದಶಕಗಟ್ಟಲೆ ಹೊತ್ತವರು ಗದಗ ಸೀಮೆಯ ಭೀಮಸೇನ ಜೋಶಿಯವರು. ಬೇರೆ ಕಲಾವಿದರನ್ನು ಕರೆಯುವದು, ಅವರ ವ್ಯವಸ್ಥೆ ನೋಡುವದು, ಕಟ್ಟಕಡೆಗೆ ತಾವು ಕೂತು ಹಾಡುವದು. 2008ರಲ್ಲಿ ಭಾರತರತ್ನ ಘೋಷಣೆಯಾದ ಕಂಠ ಅದು. ಹಾಡುವವರಿಗೆ ಲೆಕ್ಕ ಬರುವದಿಲ್ಲ, ಬರಬಾರದು ಎನ್ನುವವರಿಗೆ ನಾವು ಈ ಒಂದು ಹೆಸರು ಹೇಳುತ್ತೇವೆ.

ಇರಲಿ, ನಮ್ಮ ರವಿವಾರಕ್ಕೆ ಬರೋಣ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಬರೆದೆವು. ಜಮೆಯ ಬದಿಗೆ ಮೊದಲು ಹನ್ನೊಂದು ದೇಶಗಳನ್ನು ಹತ್ತಿಸಬೇಕಲ್ಲ? ಅಲ್ಲಿಯೇ ನಮ್ಮ ಲೇಖಣಿ ನಿಂತಿತು.

ನೇಕಾರನಿಗೆ ಮೀಟರಿನ ಮೇಲೆ ಕೂಲಿ ಕೊಡುವ ಪದ್ಧತಿ ನಮಗೆಲ್ಲ ಗೊತ್ತು. ಇಷ್ಟು ಮೀಟರಿಗೆ ಇಷ್ಟು ರೂಪಾಯಿ. ಹಾಗೆಯೇ ಒಂದು ಸಲ ಕೇಳಿದರೆ ಇಷ್ಟು ಪೈಸೆ ಎಂಬ ದರ ಇರಬೇಕೆಂದು ನಾವು ತಿಳಿದಿದ್ದೆವು. ಹಾಗಿಲ್ಲವಂತೆ. ತಿಂಗಳಲ್ಲಿ ಚಂದಾದಿಂದಲೂ ಜಾಹೀರಾತಿನಿಂದಲೂ ಬಂದ ಹಣವನ್ನು ಕಂಪನಿ ಒಟ್ಟುಗೂಡಿಸಿ, ತನ್ನ ಪಾಲು ತೆಗೆದಿಟ್ಟು, ಉಳಿದದ್ದನ್ನು ಕಣದಲ್ಲಿಯ ರಾಶಿಯಂತೆ ಹಾಕುತ್ತದೆ. ಆ ತಿಂಗಳು ಆದ ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟು ಅವರಿಗೆ ಅಳೆಯುತ್ತದೆ. ಇದರ ಪರಿಣಾಮ ವಿಚಿತ್ರ. ನಮ್ಮ ತರುಣನ ಹಾಡು ಹೋದ ತಿಂಗಳಷ್ಟೇ ಸಲ ಈ ತಿಂಗಳೂ ಕೇಳಲ್ಪಟ್ಟಿತೆಂದು ಇಟ್ಟುಕೊಳ್ಳಿ. ಅದೇ ತಿಂಗಳು ಯಾವುದೋ ದೊಡ್ಡ ಚಿತ್ರದ ಹಾಡು ಬಂದು ಕೋಟ್ಯವಧಿ ಸಲ ಕೇಳಿಸಿತೆಂದರೆ ಇವನ ಪಾಲು ಕುಗ್ಗುತ್ತದೆ. ಇವನ ದುಡಿಮೆ ಕುಗ್ಗಿಲ್ಲ, ಆದರೂ ಕೂಲಿ ಕುಗ್ಗಿತು. ಇನ್ನೊಂದು. ನಮ್ಮ ಸದಸ್ಯರೊಬ್ಬರು ಚಂದಾ ಕೊಟ್ಟು ತಿಂಗಳಿಡೀ ಈ ಹುಡುಗನ ಹಾಡನ್ನೇ ಕೇಳಿದರೂ ಅವರ ಚಂದಾ ಇವನಿಗೇ ಹೋಗುವದಿಲ್ಲ. ರಾಶಿಗೆ ಹೋಗುತ್ತದೆ.

2024ರಿಂದ ಮತ್ತೊಂದು ಕಟ್ಟಳೆ ಬಂದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಹಾಡು ಸಾವಿರ ಸಲವಾದರೂ ಕೇಳಲ್ಪಡದಿದ್ದರೆ ಆ ಹಾಡಿಗೆ ಧ್ವನಿಮುದ್ರಿಕೆಯ ಹಣ ಇಲ್ಲವೇ ಇಲ್ಲ. ಅಂಥ ಹಾಡಿಗೆ ಸಿಗುತ್ತಿದ್ದದ್ದು ಬಿಡಿಕಾಸು, ಅದೂ ನಡುವಿನವರ ಕೈಯಲ್ಲೇ ಉಳಿದುಬಿಡುತ್ತಿತ್ತು ಎಂದು ಕಂಪನಿ ಸಮಾಧಾನ ಹೇಳುತ್ತದೆ. ಇರಬಹುದು. ಆದರೆ ಆ ಬಿಡಿಕಾಸು ಈಗ ಸಾವಿರ ದಾಟಿದವರ ರಾಶಿಗೆ ಸೇರುತ್ತದೆ. ನಮ್ಮ ತರುಣನವು ಐದು ಹಾಡುಗಳಿವೆ. ಎರಡು ಸಾವಿರ ದಾಟಿವೆ, ಮೂರು ದಾಟಿಲ್ಲ. ಎರಡರಿಂದ ಬಂದ ಒಟ್ಟು ಹಣ, ಆ ಹಾಡುಗಳನ್ನು ಅಲ್ಲಿಗೆ ಏರಿಸಲು ವಿತರಣೆಯವರಿಗೆ ವರ್ಷಕ್ಕೆ ಕಟ್ಟುವ ಹಣಕ್ಕೂ ಸಾಕಾಗಿಲ್ಲ. ಹನ್ನೊಂದು ದೇಶಗಳು ಜಮೆಯ ಬದಿಯಿಂದ ಎದ್ದು ಖರ್ಚಿನ ಬದಿಗೆ ಹೋದವು. ಹುಡುಗ ಹಾಳೆಯನ್ನೇ ನೋಡುತ್ತ ಕೂತ.

ಬೇರೆ ದಾರಿಗಳೂ ಇವೆ. ಬ್ಯಾಂಡ್‌ಕ್ಯಾಂಪ್ ಎಂಬ ಇನ್ನೊಂದು ಅಂಗಡಿಯಲ್ಲಿ ಕೇಳುವವರು ಹಾಡನ್ನು ನೇರವಾಗಿ ಕೊಂಡುಕೊಳ್ಳುತ್ತಾರೆ. ಅಂಗಡಿಯವರು ನೂರಕ್ಕೆ 15ರಂತೆ ತಮ್ಮ ಪಾಲು ಹಿಡಿದುಕೊಳ್ಳುತ್ತಾರೆ. 2020ರ ಮಾರ್ಚದಲ್ಲಿ ಸಾಂಕ್ರಾಮಿಕದಿಂದ ಎಲ್ಲ ಸಭಾಗೃಹಗಳ ಬಾಗಿಲು ಮುಚ್ಚಿದಾಗ ಒಂದು ಶುಕ್ರವಾರ ಆ ಪಾಲನ್ನೂ ಬಿಟ್ಟುಕೊಟ್ಟರು. ಮುಂದೆಯೂ ಕೆಲವು ಶುಕ್ರವಾರ ಹೀಗೆ ನಡೆಸಿದರು. ನಮ್ಮ ಗಿಟಾರಿನ ತರುಣನೂ ಅಲ್ಲಿ ಒಂದು ಹಾಡು ಇಟ್ಟಿದ್ದಾನೆ. ವರ್ಷದಲ್ಲಿ ಮೂವರು ಕೊಂಡರು. ಆ ಮೂವರಿಂದ ಬಂದದ್ದು ಹನ್ನೊಂದು ದೇಶದವರಿಂದ ಬಂದದ್ದಕ್ಕಿಂತ ಹೆಚ್ಚು. ಇದನ್ನು ಬರೆದುಕೊಂಡಾಗ ನಮಗೇ ನಂಬಿಕೆಯಾಗದೆ ಇನ್ನೊಮ್ಮೆ ಕೂಡಿ ನೋಡಿದೆವು.

ಆ ತಾಯಿಯವರ ಲೆಕ್ಕ ಸರಳವಾಗಿತ್ತು. ಜಮೆಯಲ್ಲಿ ಮುಖ್ಯವಾದದ್ದು ಮಕ್ಕಳ ಪಾಠದ ಫೀ. ಉಳಿದದ್ದೆಲ್ಲ ನವೆಂಬರದ್ದು. ಹೊರನಾಡ ಕನ್ನಡ ಹಾಡುಗಾರರಿಗೆ ರಾಜ್ಯೋತ್ಸವವೇ ಸುಗ್ಗಿ. ಒಂದೇ ರವಿವಾರ ಮೂರು ಸಂಘದವರು ಕರೆಯುತ್ತಾರೆ, ಎರಡಕ್ಕೆ ಇಲ್ಲವೆನ್ನಬೇಕಾಗುತ್ತದೆ. ಡಿಸೆಂಬರ ಬಂತೆಂದರೆ ಯುಗಾದಿಯವರೆಗೆ ಫೋನು ಬಾರಿಸುವದಿಲ್ಲ. "ನಮ್ಮ ಭಾಷಾಕ್ಕ ಹನ್ನೊಂದು ತಿಂಗಳು ರಜಾ" ಎಂದು ಅವರು ನಕ್ಕರು. ನಮಗೆ ನಗಲಾಗಲಿಲ್ಲ. ನವೆಂಬರದ ಕಾರ್ಯಕ್ರಮ ಗೊತ್ತುಮಾಡುವ ಮಂಡಳಿಯಲ್ಲಿ ನಾವೂ ಕೂತಿರುತ್ತೇವೆ.

ಹಾಡಿನ ಮೇಲಿನ ಹಕ್ಕಿನ ವಿಷಯ ಬಂದಾಗ ನಾವು ಕಲಿತದ್ದು ಬಹಳ. ನಮ್ಮ ದೇಶದ ಕೃತಿಸ್ವಾಮ್ಯದ ಕಾಯದೆ 1957ರದು. ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಅವನ ಪದ್ಯದ ಹಕ್ಕು ಅವನ ವಾರಸುದಾರರಲ್ಲಿ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಪದ್ಯಗಳ ಹಕ್ಕು 2041ರ ಕೊನೆಯವರೆಗೆ. ಕುವೆಂಪು ಅವರದು 1994, ಅದು 2054ರವರೆಗೆ. ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರನ್ನು ಯಾರಾದರೂ ಹಾಡಬಹುದು. ವಚನಗಳೂ ದಾಸರ ಪದಗಳೂ ಹಾಗೆಯೇ. ಹೊಸ ಹುಡುಗರೆಲ್ಲ ಶರೀಫರ ಬೆನ್ನು ಹತ್ತಿರುವದು ಭಕ್ತಿಯಿಂದ ಎಂದು ನಾವು ತಿಳಿದಿದ್ದೆವು. ಭಕ್ತಿಯೂ ಇದೆ, ಅಪ್ಪಣೆ ಕೇಳಲು ಯಾರ ಮನೆಗೂ ಹೋಗಬೇಕಾಗಿಲ್ಲ ಎಂಬ ಸೌಕರ್ಯವೂ ಇದೆ.

ಆದರೆ ಇಲ್ಲಿಯೂ ಒಂದು ಗಂಟು. ಜನ ಕೇಳಬಯಸುವ ಶರೀಫರ ಪದಗಳಲ್ಲಿ ಬಹಳಷ್ಟಕ್ಕೆ ಧಾಟಿ ಹಾಕಿದವರು ಸಿ. ಅಶ್ವತ್ಥರು, 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಸಂಗೀತ ಕೊಟ್ಟವರು. ಅವರು ತೀರಿಕೊಂಡದ್ದು 2009ರಲ್ಲಿ. ಮಾತು ಎಲ್ಲರದು, ಧಾಟಿ ಎಲ್ಲರದಲ್ಲ. ಅದೇ ಧಾಟಿಯಲ್ಲಿ ಹಾಡಿ ಮುದ್ರಿಸಿ ಮಾರಬೇಕಾದರೆ ಹಕ್ಕುಳ್ಳವರನ್ನು ಕೇಳಲೇಬೇಕು. ನಮ್ಮ ತರುಣ ಒಂದು ಪದವನ್ನು ಹೀಗೆ ಏರಿಸಿ, ನೋಟೀಸು ಬಂದು, ಇಳಿಸಿಬಿಟ್ಟಿದ್ದಾನೆ. ಮುದ್ರಣದ ಕೋಣೆಗೆ ತಾಸಿನ ಲೆಕ್ಕದಲ್ಲಿ ಕೊಟ್ಟ ಬಾಡಿಗೆ ಖರ್ಚಿನ ಬದಿಗೆ ಉಳಿಯಿತು. ಈಗ ತಾನೇ ಹೊಸ ಧಾಟಿ ಹಾಕಿಕೊಳ್ಳುತ್ತಾನೆ. ಅದರಲ್ಲಿ ಒಂದು ನಮಗೆ ಬಹಳ ಹಿಡಿಸಿದೆ, ಆದರೆ ನಮ್ಮ ರುಚಿಯ ಬೆಲೆ ಎಷ್ಟೆಂಬುದನ್ನು ಮೊದಲೇ ಹೇಳಿದ್ದೇವೆ.

ತಬಲಜಿ ಅಲ್ಲಿಯವರೆಗೆ ಮಾತಾಡಿರಲಿಲ್ಲ. "ನನ್ನ ಲೆಕ್ಕಾ ಬರೀಬ್ಯಾಡ್ರಿ ಅಣ್ಣಾ. ಹಾಡು ಹಾಡಿದವರ ಹೆಸರಿನ್ಯಾಗ ಹೋಗತೈತಿ. ನಾ ಬಾರಿಸಿದ್ದು ಅದರಾಗ ಇರತೈತಿ, ನನ್ನ ಹೆಸರು ಇರಂಗಿಲ್ಲ" ಎಂದ. ಕಾಯದೆಗೆ 2012ರಲ್ಲಿ ತಿದ್ದುಪಡಿಯಾದಾಗ ಕವಿಗೂ ಧಾಟಿ ಹಾಕಿದವನಿಗೂ ಮಾತ್ರವಲ್ಲ, ಹಾಡುವವರಿಗೂ ಬಾರಿಸುವವರಿಗೂ ವ್ಯಾಪಾರದ ಲಾಭದಲ್ಲಿ ಪಾಲು ಉಂಟೆಂದು ಬರೆದರು. ಆದರೆ ಕಾಗದದ ಮೇಲೆ ಏನಾದರೂ ಬರೆದುಕೊಂಡವನಿಗೆ ಮಾತ್ರ ಅದು ಉಪಯೋಗ. ಈತ ಇಷ್ಟು ವರ್ಷ ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಯಾರೂ ಮುಂದೆ ಇಟ್ಟಿಲ್ಲ. ಮಳೆಗಾಲದಲ್ಲಿ ತಬಲಾದ ಪುಡಿ ಸಡಿಲಾಗುತ್ತದೆ, ಬದಲಿಸಬೇಕು. ಗದ್ದಲದ ಬಸ್ಸಿನಲ್ಲಿ ಡಗ್ಗಾ ಒಯ್ಯಲು ಬರುವದಿಲ್ಲ, ರಿಕ್ಷಾ ಹಿಡಿಯಬೇಕು. ಇವನ್ನೆಲ್ಲ ಅವನ ಬಾಯಿಂದ ಹೊರಡಿಸಲು ನಮಗೆ ಅರ್ಧ ತಾಸು ಹಿಡಿಯಿತು.

ಆಯೋಜಕನದೋ ಉಲ್ಟಾ ವಹಿ. ಇವನಿಗೆ ಖರ್ಚು ಮೊದಲು, ಜಮಾ ಆಮೇಲೆ, ಬಂದರೆ. ಸಭಾಗೃಹಕ್ಕೆ ಮುಂಗಡ, ಮೈಕಿನವನಿಗೆ ಮುಂಗಡ, ಪರವಾನಿಗೆಗೆ ಓಡಾಟ. ಫೋನಿನಲ್ಲಿ 'ಬರುತ್ತೇವೆ' ಎಂದು ಗುರುತು ಒತ್ತಿದವರು ಇನ್ನೂರು ಇದ್ದಾಗ ಖುರ್ಚಿಯಲ್ಲಿ ಕೂತವರು ಮೂವತ್ತೊಂದು. ತಿಕೀಟು ಇಟ್ಟರೆ ಗುರುತಿನವರು ಬಾಗಿಲಿಗೆ ಬಂದು ಹೆಸರು ಹೇಳಿ ಒಳಗೆ ಹೋಗುತ್ತಾರೆ. ಗುರುತಿಲ್ಲದವರು ಬರುವದಿಲ್ಲ. ಅದರ ಮೇಲೆ ಹತ್ತು ಗಂಟೆಯ ಕಟ್ಟು. 2000ದ ಶಬ್ದಮಾಲಿನ್ಯದ ನಿಯಮದ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ; ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ರಾಜ್ಯ ಸರಕಾರ ಸಡಿಲಿಕೆ ಕೊಡಬಹುದು. ಆ 15 ದಿನಗಳು ದೊಡ್ಡ ಹಬ್ಬಗಳಿಗೆ ಹೋಗುತ್ತವೆ. ಸವಾಯಿ ಗಂಧರ್ವರ ಉತ್ಸವದಲ್ಲಿ ಹಿಂದೆ ರಾತ್ರಿಯಿಡೀ ಕೂತು, ಬೆಳಗಿನ ರಾಗ ಕೇಳಿ ಮನೆಗೆ ಹೋದ ಹಿರಿಯರು ಈ ಸಭೆಯಲ್ಲಿಯೂ ಇದ್ದೀರಿ. ಆ ಬೆಳಗುಗಳು ಈಗ ನೆನಪಿನಲ್ಲಿ ಮಾತ್ರ. ನಿಯಮವನ್ನು ನಾವು ಬಯ್ಯುವದಿಲ್ಲ. ರಾತ್ರಿಪಾಳಿ ಮುಗಿಸಿ ಮಲಗುವವರ ಕಷ್ಟ ಗಿರಣಿಯವರಿಗೆ ಗೊತ್ತು. ಆದರೆ ಕಚೇರಿ ಬಿಟ್ಟು ಜನ ಬರುವದು ಎಂಟಕ್ಕೆ, ಮುಗಿಸಬೇಕಾದದ್ದು ಹತ್ತಕ್ಕೆ. ನಡುವಿನ ಎರಡು ತಾಸಿಗೆ ಇಡೀ ದಿನದ ಬಾಡಿಗೆ. ಈ ತರುಣ ವರ್ಷದಲ್ಲಿ ಆರು ಕಾರ್ಯಕ್ರಮ ಮಾಡಿದ್ದಾನೆ. ಐದರಲ್ಲಿ ಕೈಯಿಂದ ಹೋಗಿದೆ. ಆರನೆಯದು ಒಂದು ಮನೆಯ ಮಾಳಿಗೆಯ ಮೇಲೆ, ಬಾಡಿಗೆಯಿಲ್ಲದೆ ನಡೆದದ್ದು. ಅದರಲ್ಲಿ ಸ್ವಲ್ಪ ಉಳಿಯಿತು. ಉಳಿದದ್ದನ್ನು ಹಾಡಿದವರಿಗೆ ಹಂಚಿದ. ಹೀಗಿದ್ದೂ ಯಾಕೆ ಮಾಡುತ್ತೀ ಎಂದು ಕೇಳಿದೆವು. "ಯಾರರ ಮಾಡಬೇಕಲ್ರೀ" ಎಂದ. ಲೆಕ್ಕದಲ್ಲಿ ಇದನ್ನು ಯಾವ ಬಾಬತ್ತಿಗೆ ಹಾಕುವದು?

ಇಷ್ಟು ಬರೆಯುವಷ್ಟರಲ್ಲಿ ಸಂಜೆಯಾಗಿತ್ತು. ಚಹಾ ತರಿಸಿದೆವು. ಇನ್ನು ಕೂಡಿಸುವದೊಂದೇ ಉಳಿಯಿತೆಂದು ತಿಳಿದಿದ್ದೆವು. ಆಗ ಆ ತಾಯಿಯವರು, "ನಿಮ್ಮ ವಾಚನಾಲಯದ್ದು ಬರೀಲಿಲ್ಲಲ್ಲ?" ಎಂದರು.

ನಮ್ಮದು ಏನು ಬರೆಯುವದು? ನಾವು ತಿಕೀಟು ಮಾರುವದಿಲ್ಲ, ಲಾಭ ನೋಡುವದಿಲ್ಲ. ವರ್ಷದಲ್ಲಿ ನಾಲ್ಕು ಸಂಜೆ ಎಲ್ಲರಿಗೂ ಉಚಿತವಾಗಿ ಸಂಗೀತ ಕೇಳಿಸುತ್ತೇವೆ. ಕೇಳುವವರಿಂದ ಹಣ ತೆಗೆದುಕೊಳ್ಳದ ಹವ್ಯಾಸಿ ಸಂಘದವರು ಹಾಡಿಸಿದರೆ ಕೃತಿಸ್ವಾಮ್ಯದ ಭಂಗವಲ್ಲ ಎಂದು ಕಾಯದೆಯ 52ನೆಯ ಕಲಮಿನಲ್ಲಿಯೇ ವಿನಾಯಿತಿ ಇದೆ. ಅದನ್ನು ನಾವು ಆಗತಾನೆ ಹೆಮ್ಮೆಯಿಂದ ಓದಿ ಹೇಳಿದ್ದೆವು ಕೂಡ.

"ಜುಲೈದಾಗ ಬಂದಿದ್ದೆ" ಎಂದು ಅವರೇ ಬರೆಸತೊಡಗಿದರು. ಜುಲೈದ ಆ ಸಂಜೆ ನಿಮಗೆಲ್ಲ ನೆನಪಿರಬೇಕು. ಹೊರಗೆ ಮಳೆ ಸುರಿಯುತ್ತಿತ್ತು. ಎರಡನೆಯ ಪದದ ನಡುವೆ ವಿದ್ಯುತ್ತು ಹೋಯಿತು. ಮೈಕು ಸತ್ತಿತು. ಜನ ಏಳತೊಡಗಿದರು. ಆ ತಾಯಿ ಹಾರ್ಮೋನಿಯಮ್ ಬಿಡಲಿಲ್ಲ. ಕತ್ತಲೆಯಲ್ಲಿಯೇ ಮುಂದಿನ ಸಾಲು ಹಿಡಿದರು. ಏಳುತ್ತಿದ್ದವರು ಕೂತರು. ಯಾರೋ ಒಂದು ಮೇಣಬತ್ತಿ ಹಚ್ಚಿ ಪತ್ರಿಕೆಯ ಮೇಜಿನ ಮೇಲೆ ಇಟ್ಟರು. ಮಳೆಯ ಸಪ್ಪಳಕ್ಕೆ ದನಿ ಕೇಳಿಸದೆಂದು ಹಿಂದಿನ ಸಾಲಿನವರು ಮುಂದೆ ಬಂದು ಜಮಖಾನೆಯ ಮೇಲೆ ಒತ್ತೊತ್ತಾಗಿ ಕೂತರು. ಮುಂದಿದ್ದ ಮಕ್ಕಳು ಹಾಡುವವರ ಮೊಣಕಾಲಿಗೆ ತಾಗಿ ಕೂತರು. ತಬಲಜಿ ಬೆರಳ ತುದಿಯಿಂದ ಮಾತ್ರ ಬಾರಿಸಿದ. ಮುಕ್ಕಾಲು ತಾಸು ಹಾಗೆಯೇ ನಡೆಯಿತು. ಖುರ್ಚಿ ಹಾಕುವ ನಾವೂ ಆ ದಿನ ಬಾಗಿಲ ಬಳಿ ನಿಲ್ಲದೆ ಒಳಗೆ ಬಂದು ಕೂತೆವು. ನಮ್ಮ ವಾಚನಾಲಯದಲ್ಲಿ ನಾವು ಕೇಳಿದ ಸಂಗೀತದಲ್ಲಿ ಅದಕ್ಕಿಂತ ಒಳ್ಳೆಯದು ನಮಗೆ ನೆನಪಿಲ್ಲ.

ಆ ಸಂಜೆಯ ಲೆಕ್ಕ ಹೀಗಿದೆ. ಹಾರ್ಮೋನಿಯಮ್ ತರಲು ಹೋಗುವ-ಬರುವ ರಿಕ್ಷಾ. ಮಳೆಯೆಂದು ರಿಕ್ಷಾದವನು ಹೆಚ್ಚಿಗೆ ಕೇಳಿದ್ದು. ಸಂಜೆಯ ಎರಡು ಪಾಠ ಬಿಟ್ಟದ್ದು. ತಬಲಜಿಯ ಅರ್ಧ ದಿನದ ಪಗಾರ. ಜಮೆಯ ಬದಿಗೆ ಒಂದು ಶಾಲು, ಒಂದು ಹಾರ, ಒಂದು ತೆಂಗಿನಕಾಯಿ, ಅಧ್ಯಕ್ಷರ ಮೆಚ್ಚುಗೆಯ ಮಾತು.

"ನಮ್ಮ ಮನ್ಯಾಗ ಹದಿನಾಲ್ಕು ಶಾಲು ಅವ್ರಿ. ಹಾರ್ಮೋನಿಯಮ್ಮಿನ ತಿದಿ ಹರದದ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕ ಕೇಳಿದಿರಿ, ಹೇಳಿದೆ ಎಂಬ ದನಿ.

ನಾಲ್ವರ ಲೆಕ್ಕ ಮುಗಿದಾಗ, ಅವರೆಲ್ಲರ ಖರ್ಚಿನ ಬದಿಯಲ್ಲಿ ನಮ್ಮ ಸಂಘದ ಹೆಸರು ಇತ್ತು. ಸ್ಪಾಟಿಫೈ ಕೊಡುವದು ಬಿಡಿಕಾಸು ಎಂದು ನಾವು ಮಧ್ಯಾಹ್ನವೆಲ್ಲ ತಲೆ ಅಲ್ಲಾಡಿಸಿದ್ದೆವು. ಅವರು ಬಿಡಿಕಾಸಾದರೂ ಕೊಟ್ಟಿದ್ದಾರೆ.

ಮರುದಿನ ಈ ಹಾಳೆಯನ್ನು ನಮ್ಮ ಹಿರಿಯ ಸದಸ್ಯರೊಬ್ಬರ ಮುಂದೆ ಇಟ್ಟೆವು. ನಾವು ಅವರನ್ನು ಕಾಕಾ ಎನ್ನುತ್ತೇವೆ. ವಾಚನಾಲಯಕ್ಕಾಗಿ ಮನೆಮನೆ ತಿರುಗಿ ಹಳೆಯ ಮಾಸಪತ್ರಿಕೆ ಬೇಡಿ ತಂದವರು ಅವರು. ಅವರ ಮಾತನ್ನು ಹಗುರಾಗಿ ತೆಗೆದುಕೊಳ್ಳಲಾಗುವದಿಲ್ಲ. ಓದಿ, ಕನ್ನಡಕ ತೆಗೆದು, "ಉಚಿತ ಅಂತ ಬೋರ್ಡಿನ ಮ್ಯಾಲೆ ಬರದದ. ತಿಕೀಟು ಇಡೂದಾದರ ಮೊದಲ ಆ ಬೋರ್ಡು ಇಳಸ್ರಿ" ಎಂದರು.

"ತಿಕೀಟು ಬ್ಯಾಡರೀ ಕಾಕಾ" ಎಂದೆವು. "ಪೇಪರು ಓದೂದು ಉಚಿತ ಅದ. ಪೇಪರಿನವನಿಗೆ ನಾವು ತಿಂಗಳಾ ಬಿಲ್ಲು ಕೊಡತೇವಲ್ಲ? ಉಚಿತ ವಾಚನಾಲಯ ಅಂತ ಅವಗ ಶಾಲು ಹೊದಿಸಿ ಕಳಸತೇವೇನ್ರಿ?"

ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದರ ಎಷ್ಟು ಬೀಳತದ, ಬರಕೊಂಡು ಬಾ" ಎಂದರು.

ಬರೆದುಕೊಂಡು ಬಂದಿದ್ದೇವೆ. ಹಾಡುವವರಿಗೂ ಬಾರಿಸುವವರಿಗೂ ಹೋಗುವ-ಬರುವ ಖರ್ಚು ಮೊದಲೇ ಕೈಗೆ ಕೊಡುವದು. ಕಾರ್ಯಕ್ರಮದ ದಿನವೇ ಗೊತ್ತುಪಡಿಸಿದ ಬಿದಾಗಿ, ಲಕೋಟೆಯಲ್ಲಿ, ತಬಲಜಿಗೂ ಹಾಡಿದವರಷ್ಟೇ. ಶಾಲು, ಹಾರ ಬಂದ್. ರವಿವಾರ ಬೆಳಗಿನ ಹತ್ತಕ್ಕೆ ಇಟ್ಟರೆ ರಾತ್ರಿಯ ಕಟ್ಟಳೆಯ ಗೋಜು ಇಲ್ಲ, ವಯಸ್ಸಾದವರಿಗೂ ಅನುಕೂಲ. ಬಾಗಿಲ ಬಳಿ ಒಂದು ಮೇಜು, ಹಾಡಿದವರು ತಮ್ಮ ಧ್ವನಿಮುದ್ರಿಕೆಯನ್ನೋ ಪುಸ್ತಕವನ್ನೋ ಮಾರಿಕೊಳ್ಳಲಿಕ್ಕೆ. ನವೆಂಬರದಲ್ಲಿ ಒಂದೂ ಬೇಡ. ಆ ತಿಂಗಳು ಅವರಿಗೆ ಬೇರೆ ಕರೆಗಳಿರುತ್ತವೆ. ಫೆಬ್ರುವರಿಯಲ್ಲಿ, ಜುಲೈದಲ್ಲಿ, ಫೋನು ಬಾರಿಸದ ಕಾಲದಲ್ಲಿ ಇಡೋಣ. ಇದಕ್ಕೆ ಸದಸ್ಯರ ವರ್ಗಣಿಯನ್ನು ತಿಂಗಳಿಗೆ ಹತ್ತು ರೂಪಾಯಿ ಏರಿಸಬೇಕಾಗುತ್ತದೆ. ಅಷ್ಟಾದರೂ ನಾಲ್ಕು ಸಂಜೆಗಳಿಗೆ ಸಾಲುವದಿಲ್ಲ, ಎರಡಕ್ಕೆ ಸಾಲುತ್ತದೆ.

ಎರಡಕ್ಕೆ ಇಳಿಸುವದು ಕಾರ್ಯಕಾರಿ ಮಂಡಳಿಯ ಹಲವರಿಗೆ ಒಪ್ಪಿಗೆಯಾಗಿಲ್ಲ. ವರದಿಯಲ್ಲಿ ನಾಲ್ಕು ಎಂದು ಬರೆಯುವದು ಚೆಂದ ಕಾಣುತ್ತದೆ, ಎರಡು ಎಂದರೆ ಸಂಘ ಇಳಿಮುಖವಾಯಿತೆಂದು ಜನ ಆಡಿಕೊಳ್ಳುತ್ತಾರೆ ಎಂಬುದು ಅವರ ಆಕ್ಷೇಪ. ಅದರಲ್ಲಿಯೂ ಅರ್ಥವಿದೆ. ನಮ್ಮ ಅಭಿಪ್ರಾಯ ಕೇಳಿದರೆ, ದುಡ್ಡು ಕೊಟ್ಟು ಎರಡು. ಆದರೆ ಮತ ನಮ್ಮೊಬ್ಬರದಲ್ಲ.

ಆ ನಾಲ್ವರನ್ನು ಈ ದಿನ ಕರೆದಿದ್ದೆವು. ಗಿಟಾರಿನ ತರುಣನಿಗೆ ಅಂಗಡಿ ಇದೆ, ಬಂದಿಲ್ಲ. ತಬಲಜಿ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ತನ್ನ ಹೆಸರು ಹೇಳಬಾರದೆಂದು ಮೊದಲೇ ಕಟ್ಟುನಿಟ್ಟು ಮಾಡಿದ್ದಾನೆ, ಹೇಳುವದಿಲ್ಲ. ಠರಾವು ಅಧ್ಯಕ್ಷರ ಮೇಜಿನ ಮೇಲಿದೆ. ಅದರ ಜೊತೆಗೆ ನಾವು ಬರೆದ ಜಮಾ-ಖರ್ಚಿನ ಹಾಳೆಯೂ ಇದೆ. ಹೆಸರುಗಳನ್ನು ಮರೆಮಾಡಿದ್ದೇವೆ, ಅಂಕಿಗಳನ್ನು ಮರೆಮಾಡಿಲ್ಲ. ಚಹಾ ಬರುವ ಮೊದಲು ಮತ ಎಣಿಸುವದಾಗಿ ಕಾರ್ಯದರ್ಶಿಗಳು ಹೇಳಿದ್ದಾರೆ. ದಯಮಾಡಿ ಯಾರೂ ಏಳಬೇಡಿರಿ. ಕೈ ಎತ್ತಿದ ಮೇಲೆ ಏಳಬಹುದು, ಖುರ್ಚಿ ನಾವು ಮಡಚುತ್ತೇವೆ.